ಜೋಡಿಗಾಜಿನ ಕಿಟಕಿ ಮತ್ತು ಅದರ ದುರಸ್ತಿ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಕಾವ್ಯ, ಪುರಾಣ, ಚರಿತ್ರೆಗಳ ಮೇಲೆ ಭಾಷಣಗಳಾಗುವುದು ವಾಡಿಕೆ. ಕಿಟಕಿಯ ವಿಷಯ ಮಾತನಾಡುತ್ತೇವೆ ಎಂದಾಗ ನಮ್ಮ ಕಾರ್ಯದರ್ಶಿಗಳೇ ಒಮ್ಮೆ ಹುಬ್ಬೇರಿಸಿದರು. ಆದರೆ ಅದಕ್ಕೆ ಕಾರಣವುಂಟು. ಮುಂಬಯಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಅವುಗಳ ಜಾಗದಲ್ಲಿ ಇಪ್ಪತ್ತು ಮೂವತ್ತು ಮಹಡಿಯ ಮನೆಗಳು ಎದ್ದಿವೆ. ಚಾಳಿನ ಎರಡು ಕೋಣೆಗಳಲ್ಲಿ ಬಾಳಿದ ನಮ್ಮ ಜನರಲ್ಲಿ ಅನೇಕರು ಈಗ ಅಲ್ಲಿ ವಾಸವಾಗಿದ್ದಾರೆ. ಹಳೆಯ ಮನೆಯ ಮರದ ಕಿಟಕಿ ಮಳೆಗಾಲದಲ್ಲಿ ಉಬ್ಬಿ ಬಿಗಿದರೆ ಬಡಗಿ ಬಂದು ನಾಲ್ಕು ಸಲ ಕೀಸುಳಿ ಹಾಯಿಸಿ ಹೋಗುತ್ತಿದ್ದ. ಹೊಸ ಮನೆಯ ಕಿಟಕಿ ಅಂಥದಲ್ಲ. ಅದಕ್ಕೆ ಎರಡು ಗಾಜು, ಯು.ಪಿ.ವಿ.ಸಿ.ಯ ಅಥವಾ ಅಲ್ಯೂಮಿನಿಯಮಿನ ಚೌಕಟ್ಟು, ನೋಡಿದರೂ ಅರ್ಥವಾಗದ ಬೀಗ. ಅದರಲ್ಲಿ ಸ್ವಲ್ಪ ತೇವ ಕಂಡರೆ ಸಾಕು, ಮನೆಯವರು ಗಾಬರಿಯಾಗುತ್ತಾರೆ. ಕರೆಸಿದ ಫಿಟ್ಟರು ಒಮ್ಮೆ ಬೆರಳಾಡಿಸಿ, "ಅಂಕಲ್, ಇಡೀ ಕಿಟಕಿ ತೆಗೆಸಬೇಕು" ಎಂದುಬಿಡುತ್ತಾನೆ. ನಿವೃತ್ತರಾದವರಿಗೆ ಆ ಖರ್ಚು ಸಣ್ಣದಲ್ಲ. ಇಲಿ ಬಂತೆಂದು ಮನೆ ಸುಟ್ಟರಂತೆ ಎಂಬ ಮಾತು ನಮ್ಮಲ್ಲಿದೆಯಷ್ಟೆ.

ನಮ್ಮ ಕಟ್ಟಡದಲ್ಲಿಯೂ ಬಂಧುಗಳ ಮನೆಗಳಲ್ಲಿಯೂ ಇಂಥ ಕಿಟಕಿಗಳನ್ನು ನಾವು ಕೆಲವು ಮಳೆಗಾಲಗಳಿಂದ ನೋಡುತ್ತ ಬಂದಿದ್ದೇವೆ. ಕೆಲವನ್ನು ಬಿಚ್ಚಿ ಕೂಡಿಸಿದ್ದೇವೆ. ನಮಗೆ ತಿಳಿದುಬಂದುದಿಷ್ಟು: ಹೆಚ್ಚಿನ ದೂರುಗಳು ಗಾಜನ್ನು ಮುಟ್ಟದೆಯೇ ವಾಸಿಯಾಗತಕ್ಕವು. ಉಳಿದವುಗಳಲ್ಲಿಯೂ ಬದಲಿಸಬೇಕಾದದ್ದು ಗಾಜಿನ ಜೋಡಿಯನ್ನೇ ಹೊರತು ಚೌಕಟ್ಟನ್ನಲ್ಲ. ಮೇಲಾಗಿ, ಆ ದೊಡ್ಡ ಖರ್ಚಿಗೆ ಮೂಲವಾಗುವುದು ಬಹಳ ಸಲ ಬೆರಳಿನಷ್ಟು ಅಗಲದ ಒಂದು ತೂತಿನ ಅಲಕ್ಷ್ಯ. ಆ ತೂತಿನ ವಿಷಯಕ್ಕೆ ಆಮೇಲೆ ಬರುತ್ತೇವೆ.

ಮೊದಲು ಈ ವಸ್ತು ಏನೆಂದು ನೋಡೋಣ. ಎರಡು ಗಾಜುಗಳ ನಡುವೆ ಗಾಳಿಯನ್ನು ಸೆರೆಹಿಡಿಯುವ ಯೋಚನೆ ಹೊಸದಲ್ಲ. ಅಮೆರಿಕದ ಥಾಮಸ್ ಸ್ಟೆಟ್ಸನ್ ಎಂಬವರು 1865ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಚಳಿಯ ದೇಶದವರು ಮನೆಯೊಳಗಿನ ಬಿಸಿಯನ್ನು ಉಳಿಸಿಕೊಳ್ಳಲು ಬಳಸುತ್ತ ಬಂದದ್ದನ್ನು ನಾವು ಹೊರಗಿನ ಬಿಸಿಯನ್ನೂ ಬೀದಿಯ ಸದ್ದನ್ನೂ ತಡೆಯಲು ಬಳಸುತ್ತಿದ್ದೇವೆ. ಎರಡು ಗಾಜುಗಳ ನಡುವೆ ಏನೂ ಇಲ್ಲ, ಗಾಳಿಯನ್ನೆಲ್ಲ ಹೀರಿ ತೆಗೆದಿದ್ದಾರೆ ಎಂದು ಅನೇಕರ ನಂಬಿಕೆ. ಅದು ಸರಿಯಲ್ಲ. ಸಾಮಾನ್ಯವಾಗಿ ನಾವು ಕಾಣುವ ಜೋಡಿಗಾಜಿನೊಳಗೆ ಇರುವುದು ಒಣಗಿಸಿದ ಗಾಳಿ, ಇಲ್ಲವೆ ಆರ್ಗಾನ್ ಎಂಬ ಅನಿಲ. ಗಾಜುಗಳ ಅಂಚಿನ ಸುತ್ತ ಟೊಳ್ಳಾದ ಒಂದು ಪಟ್ಟಿಯಿರುತ್ತದೆ, ಸಾಧಾರಣವಾಗಿ ಅಲ್ಯೂಮಿನಿಯಮಿನದು. ಅದಕ್ಕೆ ಸ್ಪೇಸರ್ ಎಂದು ಹೆಸರು. ಅದರ ಟೊಳ್ಳಿನಲ್ಲಿ ತೇವ ಹೀರುವ ಸಣ್ಣ ಕಾಳುಗಳನ್ನು ತುಂಬಿರುತ್ತಾರೆ. ಮಾತ್ರೆಯ ಡಬ್ಬಿಗಳಲ್ಲಿ, ಹೊಸ ಬೂಟಿನ ಪೆಟ್ಟಿಗೆಗಳಲ್ಲಿ ಒಂದು ಪುಟ್ಟ ಪೊಟ್ಟಣ ಇರುವುದನ್ನು ತಾವು ನೋಡಿರಬಹುದು, ಅದೇ ಜಾತಿಯದು. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಎಂಬ ಕರಿಯ ಅಂಟು. ಆವಿ ಒಳಗೆ ನುಸುಳದಂತೆ ಕಾಯುವುದು ಅದರ ಕೆಲಸ. ಅದರ ಹೊರಗೆ ಇನ್ನೊಂದು ಗಟ್ಟಿ ಅಂಟು, ಎರಡು ಗಾಜುಗಳನ್ನೂ ಒಟ್ಟಿಗೆ ಹಿಡಿದಿಡಲು. ಇಷ್ಟೇ ಅದರ ಗುಟ್ಟು.

ಪ್ರಯೋಜನವೇನೆಂದರೆ, 6 ಮಿಲಿಮೀಟರ್ ದಪ್ಪದ ಒಂಟಿ ಗಾಜಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದರೆ, ಚದರ ಮೀಟರಿಗೆ ಸುಮಾರು 5.7 ವಾಟ್ ಶಾಖ ದಾಟುತ್ತದೆ. ಅಂಥವೇ ಎರಡು ಗಾಜುಗಳ ನಡುವೆ 12 ಮಿಲಿಮೀಟರ್ ಒಣ ಗಾಳಿಯಿದ್ದರೆ ಅದು ಸುಮಾರು 2.8ಕ್ಕೆ ಇಳಿಯುತ್ತದೆ, ಎಂದರೆ ಅರ್ಧ. ನೇರವಾಗಿ ಬೀಳುವ ಬಿಸಿಲಿನ ಲೆಕ್ಕ ಬೇರೆ. ಅದಕ್ಕೆ ಗಾಜಿನ ಮೇಲೆ ವಿಶೇಷ ಲೇಪನವಿರಬೇಕು, ಇಲ್ಲವಾದರೆ ಹೊರಗೆ ನೆರಳಿರಬೇಕು.

ಇನ್ನು ಕಾಯಿಲೆಗಳು. ವೈದ್ಯರು ನೋವು ಎಲ್ಲಿ ಎಂದು ಕೇಳುವಂತೆ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ತೇವ ಎಲ್ಲಿದೆ ಎಂಬುದು. ಬೆರಳಿನಿಂದ ಒರಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಹೊರಮೈಯಲ್ಲೋ, ಕೋಣೆಯ ಕಡೆಯ ಮೈಯಲ್ಲೋ, ಎರಡೂ ಕಡೆ ಒರಸಿದರೂ ಹೋಗದೆ ನಡುವೆಯೋ?

ಹೊರಮೈಯಲ್ಲಿದ್ದರೆ ಅದು ದೋಷವೇ ಅಲ್ಲ. ಮಳೆಗಾಲದ ರಾತ್ರಿ ಎ.ಸಿ.ಯನ್ನು 18 ಡಿಗ್ರಿಗೆ ಇಟ್ಟು ಅದರ ಗಾಳಿ ನೇರ ಗಾಜಿಗೆ ಬೀಸುವಂತೆ ಮಾಡಿದರೆ, ಐಸ್ ನೀರಿನ ಲೋಟ ಬೆವರುವಂತೆ ಗಾಜು ಬೆವರುತ್ತದೆ. ಅಂಚುಗಳಲ್ಲಿ ಮೊದಲು, ಏಕೆಂದರೆ ಅಲ್ಲಿನ ಲೋಹದ ಪಟ್ಟಿ ತಂಪನ್ನು ದಾಟಿಸುತ್ತದೆ. ಎ.ಸಿ.ಯ ರೆಕ್ಕೆಯನ್ನು ಬೇರೆ ಕಡೆಗೆ ತಿರುಗಿಸಿದರೆ ಮುಗಿಯಿತು.

ಕೋಣೆಯ ಕಡೆ ತೇವವಿದ್ದರೆ, ಇದು ದಿಲ್ಲಿಯಲ್ಲಿರುವ ನಮ್ಮವರು ಜನವರಿಯಲ್ಲಿ ಕಾಣತಕ್ಕದ್ದು, ದೋಷ ಕಿಟಕಿಯದಲ್ಲ, ಕೋಣೆಯದು. ನಾಲ್ಕು ಜನ ಮಲಗಿದ ಮುಚ್ಚಿದ ಕೋಣೆಯಲ್ಲಿ ಉಸಿರಿನ ಆವಿ, ಒಳಗೇ ಒಣಹಾಕಿದ ಬಟ್ಟೆಯ ಆವಿ, ಅಡಿಗೆಯ ಆವಿ ಎಲ್ಲವೂ ಸೇರಿ ಅತ್ಯಂತ ತಂಪಾದ ಜಾಗದಲ್ಲಿ ನೀರಾಗುತ್ತವೆ. ಬೆಳಿಗ್ಗೆ ಹತ್ತು ನಿಮಿಷ ಎದುರುಬದುರಿನ ಕಿಟಕಿಗಳನ್ನು ತೆರೆದು ಗಾಳಿಯಾಡಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಮರದ ಕಿಟಕಿ ಮುಚ್ಚಿದ್ದರೂ ಸಂದುಗಳಿಂದ ಸ್ವಲ್ಪ ಗಾಳಿ ಆಡುತ್ತಿತ್ತು. ಈ ಹೊಸ ಕಿಟಕಿ ಮುಚ್ಚಿದರೆ ಗಾಳಿ ಬಹುಮಟ್ಟಿಗೆ ನಿಂತೇಹೋಗುತ್ತದೆ. ಅಂಥ ಮನೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಹೊತ್ತಿಸಿಟ್ಟು ಮಲಗುವುದಾಗಲಿ, ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರನ್ನು ಹೊಗೆಕೊಳವೆಯಿಲ್ಲದೆ ನಡೆಸುವುದಾಗಲಿ ಪ್ರಾಣಕ್ಕೆ ಅಪಾಯ. ಅಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂದಿತೆಂದು ತಿಳಿಯುವ ಹೊತ್ತಿಗೆ ಎದ್ದು ಬಾಗಿಲು ತೆರೆಯುವ ಶಕ್ತಿಯೇ ಉಡುಗಿರಬಹುದು. ಪ್ರತಿ ಚಳಿಗಾಲದಲ್ಲಿಯೂ ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದುತ್ತೇವೆ. ಕಿಟಕಿ ಹೊಸದಾಗಿಸಿದವರು ಮೊದಲು ಗೀಸರನ್ನು ನೋಡಿಕೊಳ್ಳತಕ್ಕದ್ದು.

ಈಗ ಮಳೆಯ ನೀರು. ಜೂನ್ ತಿಂಗಳ ಮೊದಲ ಬಿರುಮಳೆಗೆ ಕಿಟಕಿಯ ಕೆಳಗಿನ ಹಳಿಯಲ್ಲಿ ನೀರು ನಿಂತು ಒಳಗಿನ ಕಟ್ಟೆಯ ಮೇಲೆ ಹರಿಯಿತು, ಗೋಡೆ ನೆನೆಯಿತು ಎಂಬ ದೂರು ಬಹಳ ಸಾಮಾನ್ಯ. ಇದನ್ನು ಅರ್ಥಮಾಡಿಕೊಳ್ಳಲು ಒಂದು ವಿಷಯ ತಿಳಿದಿರಬೇಕು. ಈ ಕಿಟಕಿಗಳು ಒಂದು ಹನಿಯೂ ಒಳಬರದಂತೆ ತಡೆಯುವುದಕ್ಕಾಗಿ ರಚಿತವಾದವಲ್ಲ. ರಬ್ಬರ್ ಪಟ್ಟಿಯನ್ನೂ ಕುಂಚದಂಥ ಪಟ್ಟಿಯನ್ನೂ ದಾಟಿ ಸ್ವಲ್ಪ ನೀರು ಬಂದೇ ಬರುತ್ತದೆಂದು ಮಾಡಿದವರಿಗೆ ಗೊತ್ತು. ಆ ನೀರು ಕೆಳಗಿನ ಕಾಲುವೆಗೆ ಬಿದ್ದು, ಅಲ್ಲಿರುವ ಸೀಳುಗಳ ಮೂಲಕ ಹೊರಗೆ ಹರಿದುಹೋಗಬೇಕು. ನಮ್ಮ ಕೆರೆಗಳಿಗೆ ತೂಬು ಇರುವಂತೆ ಕಿಟಕಿಗೂ ತೂಬುಂಟು. ಹೊರಗಡೆಯಿಂದ ನೋಡಿದರೆ ಚೌಕಟ್ಟಿನ ಕೆಳಭಾಗದಲ್ಲಿ ಸಣ್ಣ ಮುಚ್ಚಳಗಳಂತೆ ಕಾಣುವವು ಈ ತೂಬಿನ ಬಾಯಿಗಳೇ.

ಈ ತೂಬನ್ನು ಯಾರು ಮುಚ್ಚುತ್ತಾರೆ? ಧೂಳು ಮುಚ್ಚುತ್ತದೆ, ಪಾರಿವಾಳದ ಪುಕ್ಕ ಮುಚ್ಚುತ್ತದೆ, ಇರುವೆ ಮಣ್ಣು ತುಂಬುತ್ತದೆ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರೇ ಮುಚ್ಚುತ್ತಾರೆ. ಹೊರಗೋಡೆಗೆ ಬಣ್ಣ ಬಳಿಯುವವನು ಬಣ್ಣದಿಂದ, ಗಾರೆಯವನು ಸಿಮೆಂಟಿನ ಗಂಜಿಯಿಂದ. ಇನ್ನು ಕೆಲವರು, "ನೀರು ಇಲ್ಲಿಂದಲೇ ಬರುತ್ತಿದೆ" ಎಂದು ಬಗೆದು, ಉದ್ದೇಶಪೂರ್ವಕವಾಗಿಯೇ ಸಿಲಿಕೋನ್ ತುಂಬಿ ಭದ್ರಪಡಿಸುತ್ತಾರೆ. ತೂಬು ಮುಚ್ಚಿದ ಕೆರೆ ಏನಾಗುತ್ತದೆ? ಏರಿಯ ಮೇಲೆ ಹರಿಯುತ್ತದೆ. ಇಲ್ಲಿ ಏರಿ ಎಂದರೆ ನಮ್ಮ ಕೋಣೆಯ ಕಡೆಯ ಹಳಿ.

ಪರೀಕ್ಷೆ ಸುಲಭ. ಮಳೆಯಿಲ್ಲದ ದಿನ ಕೆಳಗಿನ ಹಳಿಗೆ ಒಂದು ಚೊಂಬು ನೀರನ್ನು ನಿಧಾನವಾಗಿ ಹೊಯ್ಯಿರಿ. ಹೊಯ್ದ ನೀರು ಸ್ವಲ್ಪ ಹೊತ್ತಿನಲ್ಲಿಯೇ ಇಳಿದುಹೋಗಬೇಕು. ನಿಂತರೆ ತೂಬು ಕಟ್ಟಿದೆ. ಮೊದಲು ಹಳಿಯ ಧೂಳನ್ನು ಒಣಗಿರುವಾಗಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎತ್ತಬೇಕು. ನೀರು ಹಾಕಿದ ಮೇಲೆ ಉಜ್ಜಿದರೆ ಅದೇ ಕೆಸರಾಗಿ ತೂಬಿಗೆ ಇಳಿಯುತ್ತದೆ. ಆಮೇಲೆ ಬಿದಿರಿನ ಕಡ್ಡಿಯಿಂದ ಸೀಳನ್ನು ಬಿಡಿಸಬೇಕು. ಕಬ್ಬಿಣದ ತಂತಿ ಬೇಡ. ಕಡ್ಡಿ ನೇರವಾಗಿ ಹೊರಗೆ ಬರಲಿಲ್ಲವೆಂದು ಗಾಬರಿಯಾಗಬೇಡಿ. ಯು.ಪಿ.ವಿ.ಸಿ. ಚೌಕಟ್ಟಿನಲ್ಲಿ ಒಳಸೀಳು ಒಂದು ಕಡೆ, ಹೊರಸೀಳು ಅದರಿಂದ ಸ್ವಲ್ಪ ದೂರದಲ್ಲಿ ಇರುವುದು ಪದ್ಧತಿ. ಹೀಗೆ ಓರೆಯಾಗಿಟ್ಟರೆ ಗಾಳಿ ನೇರವಾಗಿ ಒಳನುಗ್ಗುವುದಿಲ್ಲ. ಕಡ್ಡಿ ಮುಟ್ಟದ ಕಡೆಗೆ ಸೈಕಲ್ ಪಂಪಿನಿಂದ ಗಾಳಿ ಊದಿದರೆ ಕಸ ಹೊರಬೀಳುತ್ತದೆ. ನಾವು ನೋಡಿದಂತೆ ಇದಕ್ಕಿಂತ ಒಳ್ಳೆಯ ಹತ್ಯಾರಿಲ್ಲ. ಸೀಳು ಸಣ್ಣದಾಯಿತೆಂದು ಡ್ರಿಲ್ ಹಿಡಿದು ಹೊಸ ತೂತು ಕೊರೆಯುವವರೂ ಇದ್ದಾರೆ. ಅದು ಕೂಡದು. ಚೌಕಟ್ಟಿನೊಳಗೆ ಬಲಕ್ಕಾಗಿ ಉಕ್ಕಿನ ಪಟ್ಟಿಯಿಟ್ಟ ಬೇರೊಂದು ಗೂಡಿರುತ್ತದೆ. ತಪ್ಪು ಜಾಗದಲ್ಲಿ ಕೊರೆದರೆ ನೀರು ಅಲ್ಲಿಗೆ ಇಳಿದು ಉಕ್ಕು ತುಕ್ಕು ಹಿಡಿಯುತ್ತದೆ.

ತೂಬು ಸ್ವಚ್ಛವಾಗಿದ್ದರೂ ಭಾರಿ ಬಿರುಗಾಳಿಯಲ್ಲಿ ಸ್ವಲ್ಪ ಹೊತ್ತು ನೀರು ನಿಲ್ಲಬಹುದು. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಗೋಡೆಗೆ ಬಡಿದಾಗ ಅದರ ಒತ್ತಡ ಸುಮಾರು 24 ಮಿಲಿಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸುವಷ್ಟಿರುತ್ತದೆ. ಹೊರಗಿನ ಗಾಳಿ ತೂಬಿನ ಬಾಯಿಯನ್ನೇ ಒತ್ತಿಹಿಡಿದಿರುವಾಗ ನೀರು ಹೊರಡುವುದಾದರೂ ಹೇಗೆ? ಗಾಳಿ ತಗ್ಗಿದೊಡನೆ ಅದು ಹರಿದುಹೋಗುವುದು. ಒಳಗಿನ ಹಳಿ ಅದಕ್ಕಿಂತ ಎತ್ತರವಾಗಿದ್ದರೆ ಮನೆಗೆ ನೀರಿಲ್ಲ. ಸಮುದ್ರದ ಕಡೆಗೆ ಮುಖಮಾಡಿದ ಎತ್ತರದ ಮಹಡಿಗಳಲ್ಲಿ, ಹೊಸದಾಗಿ ಕಿಟಕಿ ಮಾಡಿಸುವವರು ಗಾಜಿನ ಗುಣದಷ್ಟೇ ಹಳಿಯ ಎತ್ತರವನ್ನೂ ವಿಚಾರಿಸುವುದೊಳ್ಳೆಯದು. ಜಾರುವ ಕಿಟಕಿಗಿಂತ ಕೀಲಿನ ಮೇಲೆ ತೆರೆಯುವ ಕಿಟಕಿ ಮಳೆಗೆ ಹೆಚ್ಚು ಬಿಗಿ.

ನೀರು ಹಳಿಯಲ್ಲಿ ಕಾಣದೆ ಕಿಟಕಿಯ ಮೂಲೆಯ ಗಿಲಾವು ಮಾತ್ರ ನೆನೆಯುತ್ತಿದ್ದರೆ, ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಬಿಟ್ಟಿದೆ ಎಂದು ತಿಳಿಯಬೇಕು. ಹಳೆಯ ಸಿಲಿಕೋನನ್ನು ಪೂರ್ತಿ ಕೆತ್ತಿ ತೆಗೆದು, ಒರಸಿ, ಒಣಗಿಸಿ ಹೊಸದನ್ನು ತುಂಬಬೇಕು. ಹಳೆಯದರ ಮೇಲೆಯೇ ಬಳಿದದ್ದು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ, ವಿನಿಗರ್ ವಾಸನೆಯ ಸಿಲಿಕೋನ್ ಸಿಮೆಂಟಿಗೆ ಸರಿಯಾಗಿ ಹಿಡಿಯದು, ಲೋಹಕ್ಕೂ ಒಳ್ಳೆಯದಲ್ಲ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಏಪ್ರಿಲ್ ಮೇ ತಿಂಗಳಲ್ಲಿಯೇ ಈ ಕೆಲಸ ಮುಗಿಸಬೇಕು. ಹೊರಗಡೆಯ ಸಂದನ್ನು ತುಂಬಲು ಮೇಲಿನ ಮಹಡಿಯವರು ತಾವೇ ಬಗ್ಗಿ ಕೈಚಾಚುವುದು ಬೇಡವೇ ಬೇಡ. ಹಗ್ಗದ ಮೇಲೆ ಇಳಿಯಬಲ್ಲ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಕೆಲಸಗಾರರಿದ್ದಾರೆ. ಸೊಸೈಟಿಯ ಹತ್ತು ಮನೆಯವರು ಕೂಡಿ ಕರೆಸಿದರೆ ಖರ್ಚೂ ಹಂಚಿಹೋಗುತ್ತದೆ. ತೂಬಿನ ಬಾಯಿಗಳನ್ನು ಮುಟ್ಟಬಾರದೆಂದು ಅವರಿಗೆ ಮೊದಲೇ ಹೇಳಿಡಬೇಕು.

ಈಗ ಮೂರನೆಯದು, ಗಾಜುಗಳ ನಡುವಿನ ಮಂಜು. ಎಲ್ಲರೂ ಹೆದರುವುದು ಇದಕ್ಕೆ. ಒರಸಿದರೆ ಹೋಗುವುದಿಲ್ಲ. ಮೊದಮೊದಲು ಬೆಳಗಿನಲ್ಲಿ ಕಂಡು ಮಧ್ಯಾಹ್ನ ಮಾಯವಾಗುತ್ತದೆ. ಆಮೇಲಾಮೇಲೆ ದಿನವಿಡೀ ನಿಲ್ಲುತ್ತದೆ. ಕೊನೆಗೆ ಗಾಜಿನ ಒಳಮೈಯಲ್ಲಿ ಬಿಳಿಯ ಕಲೆ ಹಿಡಿಯುತ್ತದೆ. ಅಂಚಿನ ಅಂಟು ಎಲ್ಲಿಯೋ ಬಿಟ್ಟಿದೆ ಎಂಬುದಕ್ಕೆ ಇದು ಗುರುತು. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುವುದು, ರಾತ್ರಿ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುವುದು. ಕಿಟಕಿ ಹೀಗೆ ದಿನಕ್ಕೊಂದು ಸಲ ಉಸಿರಾಡುತ್ತದೆ. ಕಾಳುಗಳು ಕೆಲವು ಕಾಲ ಆ ತೇವವನ್ನು ನುಂಗಿಕೊಳ್ಳುತ್ತವೆ. ಅವುಗಳ ಹೊಟ್ಟೆ ತುಂಬಿದ ದಿನ ನಮಗೆ ಮಂಜು ಕಾಣುತ್ತದೆ. ಆದುದರಿಂದ ಮಂಜು ಕಂಡದ್ದು ಇಂದಾದರೂ ಅಂಟು ಬಿಟ್ಟದ್ದು ಬಹಳ ಹಿಂದೆಯೇ ಇರಬಹುದು.

ಅಂಟು ಬಿಡುವುದೇಕೆ? ವಯಸ್ಸು ಒಂದು ಕಾರಣ, ಕಾರ್ಖಾನೆಯ ಅಜಾಗರೂಕತೆ ಇನ್ನೊಂದು. ಆದರೆ ನಮ್ಮ ಊರುಗಳಲ್ಲಿ ದೊಡ್ಡ ಕಾರಣ, ಗಾಜಿನ ಕೆಳ ಅಂಚು ವಾರಗಟ್ಟಲೆ ನೀರಿನಲ್ಲಿ ನೆನೆಯುವುದು. ಗಾಜನ್ನು ಹಿಡಿದ ಕದದ ಕೆಳಪಟ್ಟಿಯೊಳಗೂ ಇಂಥದೇ ಸಣ್ಣ ತೂಬುಗಳಿರುತ್ತವೆ. ಗಾಜು ನೀರಿನಿಂದ ಮೇಲಿರಲೆಂದು ಅದರ ಕೆಳಗೆ ಪ್ಲಾಸ್ಟಿಕ್ ತುಂಡುಗಳನ್ನು ಒತ್ತುಕೊಟ್ಟಿರುತ್ತಾರೆ. ತೂಬು ಕಟ್ಟಿತೆಂದರೆ ನೀರು ಆ ತುಂಡುಗಳ ಎತ್ತರವನ್ನು ಮೀರಿ ಅಂಟಿಗೆ ತಗಲುತ್ತದೆ. ಬೆರಳಗಲದ ತೂತು ಎಂದು ನಾವು ಮೊದಲೇ ಹೇಳಿದ್ದು ಇದನ್ನೇ. ಬ್ರಷ್ಷಿನಿಂದ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಬಿಟ್ಟುದರಿಂದ ಮುಂದೆ ಗಾಜಿನ ಜೋಡಿಯೇ ಹೋಗುತ್ತದೆ.

ಗಾಜಿಗೆ ಸಣ್ಣ ತೂತು ಕೊರೆದು, ಒಳಗೆ ಒಣಗಿಸಿ, ಮತ್ತೆ ಮುಚ್ಚಿ ಕೊಡುತ್ತೇವೆ ಎನ್ನುವವರಿದ್ದಾರೆ. ಮಂಜು ಹೋಗುವುದು ನಿಜವೇ. ಆದರೆ ಬಿಟ್ಟ ಅಂಟು ಬಿಟ್ಟಂತೆಯೇ ಇರುತ್ತದೆ, ಕಾಳುಗಳು ಹೊಸದಾಗುವುದಿಲ್ಲ, ಕಲೆಯೂ ಹೋಗುವುದಿಲ್ಲ, ಟಫನ್ಡ್ ಗಾಜಾಗಿದ್ದರೆ ಕೊರೆಯಹೊರಟ ಕೂಡಲೇ ಪುಡಿಯಾಗುತ್ತದೆ. ನಾವಂತೂ ಇದನ್ನು ಶಿಫಾರಸು ಮಾಡಲಾರೆವು. ನೋಟಕ್ಕೆ ತೊಂದರೆಯಿಲ್ಲದ ಸ್ನಾನದ ಕೋಣೆಯ ಕಿಟಕಿಯಾದರೆ ಹಾಗೆಯೇ ಬಿಟ್ಟುಬಿಡಬಹುದು. ಮಂಜು ಕಟ್ಟಿದರೂ ಅದು ಒಂಟಿ ಗಾಜಿಗಿಂತ ಮೇಲು. ಹಾಲಿನ ಕಿಟಕಿಯಾದರೆ ಗಾಜಿನ ಜೋಡಿಯನ್ನು ಮಾತ್ರ ಬದಲಿಸತಕ್ಕದ್ದು. ಅದಕ್ಕೆ ಮುಂಚೆ ಮನೆಯ ಕಾಗದಗಳ ಕಟ್ಟಿನಲ್ಲಿ ಗ್ಯಾರಂಟಿ ಪತ್ರವನ್ನು ಹುಡುಕಿ. ಎಷ್ಟೋ ಜೋಡಿಗಾಜುಗಳ ಸ್ಪೇಸರ್ ಪಟ್ಟಿಯ ಮೇಲೆ, ಗಾಜುಗಳ ನಡುವೆ, ತಯಾರಾದ ತಿಂಗಳೂ ವರ್ಷವೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕನ್ನಡಕ ಹಾಕಿಕೊಂಡು ಟಾರ್ಚಿನಿಂದ ನೋಡಬೇಕು.

ಹೊಸ ಜೋಡಿಯನ್ನು ಹೇಳಿ ಮಾಡಿಸುವಾಗ ಅಗಲ, ಎತ್ತರಗಳಷ್ಟೇ ಸಾಲವು, ಒಟ್ಟು ದಪ್ಪ ಬೇಕು. 6 ಮಿಲಿಮೀಟರಿನ ಎರಡು ಗಾಜು, ನಡುವೆ 12 ಎಂದರೆ 24. ಐದೈದರ ಗಾಜಾದರೆ 22. ಎರಡು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಗಾಜನ್ನು ಒತ್ತಿಹಿಡಿಯುವ ಪಟ್ಟಿ ಕೂಡುವುದಿಲ್ಲ. ಗಾಜಿನಲ್ಲಿ ಶಾಖ ತಡೆಯುವ ಲೇಪನವಿದೆಯೋ ಇಲ್ಲವೋ ತಿಳಿಯಲು ರಾತ್ರಿ ದೀಪವಾರಿಸಿ ಒಂದು ಮೇಣದ ಬತ್ತಿಯನ್ನು ಗಾಜಿನ ಮುಂದೆ ಹಿಡಿಯಿರಿ. ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲೊಂದು ಬೇರೆ ಬಣ್ಣದ್ದಾಗಿದ್ದರೆ ಲೇಪನವುಂಟು. ಹೊಸದೂ ಅಂಥದೇ ಬೇಕೆಂದು ಕೇಳಬೇಕು, ಇಲ್ಲದಿದ್ದರೆ ಸಾದಾ ಗಾಜು ಬಂದು ಕೂತೀತು. ಟಫನ್ಡ್ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಮುದ್ರೆಯಿರುತ್ತದೆ. ಅದನ್ನು ಕಾರ್ಖಾನೆಯಿಂದ ಬಂದ ಮೇಲೆ ಕತ್ತರಿಸಲಾಗದು, ಅಳತೆ ತಪ್ಪಿದರೆ ಎಸೆಯಬೇಕಾದದ್ದೇ.

ಕೂರಿಸುವ ಕೆಲಸವನ್ನು ತಾವೇ ಮಾಡಬಹುದೇ ಎಂದು ಕೇಳುತ್ತಾರೆ. ಭಾರದ ಲೆಕ್ಕ ನೋಡಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕಿಲೋ ತೂಗುತ್ತದೆ. ನಾಲ್ಕಡಿ ಐದಡಿಯ ಕಿಟಕಿಗೆ ಐದೈದು ಮಿಲಿಮೀಟರಿನ ಜೋಡಿ ಎಂದರೆ ಸುಮಾರು 46 ಕಿಲೋ. ಅರ್ಧ ಮೂಟೆ ಅಕ್ಕಿ, ಅದೂ ಹಿಡಿಯಲು ಕಿವಿಯಿಲ್ಲದ್ದು. ಅಡಿಗೆಮನೆಯ ಸಣ್ಣ ಕಿಟಕಿಯನ್ನು, ಗಾಜಿನ ಪಟ್ಟಿಗಳು ಕೋಣೆಯ ಕಡೆಯಿದ್ದರೆ, ಇಬ್ಬರು ದಪ್ಪ ಕೈಗವಸು ಹಾಕಿಕೊಂಡು ಬದಲಿಸಬಹುದು. ಉದ್ದದ ಪಟ್ಟಿಯ ನಡುಭಾಗದಲ್ಲಿ ತೆಳುವಾದ ಲಪ್ಪದ ಅಲಗನ್ನು ಸೇರಿಸಿ ಎಬ್ಬಿದರೆ ಅದು ಬಿಲ್ಲಿನಂತೆ ಬಾಗಿ ಕಳಚುತ್ತದೆ. ಯಾವುದು ಯಾವ ಕಡೆಯದೆಂದು ಗುರುತು ಹಾಕಿಡಬೇಕು. ತಿರುಗಿ ಕೂರಿಸುವಾಗ ಗಿಡ್ಡ ಪಟ್ಟಿಗಳು ಮೊದಲು, ಉದ್ದದವು ಕೊನೆಗೆ. ದೊಡ್ಡ ಕಿಟಕಿಯನ್ನಾಗಲಿ, ಪಟ್ಟಿಗಳು ಹೊರಗಡೆಯಿರುವ ಕಿಟಕಿಯನ್ನಾಗಲಿ ಮುಟ್ಟಬಾರದು. ಮೇಲಿನ ಮಹಡಿಯಿಂದ ಜಾರಿದ ಗಾಜು ಕೆಳಗೆ ಹೋಗುವವರ ತಲೆಗೆ ಬೀಳುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫಿಟ್ಟರು ಕೂರಿಸುವಾಗ ಪಕ್ಕದಲ್ಲಿ ನಿಂತು ಒಂದನ್ನು ಗಮನಿಸಿ. ಕೀಲಿನ ಮೇಲೆ ತೆರೆಯುವ ಕದವಾದರೆ ಪ್ಲಾಸ್ಟಿಕ್ ತುಂಡುಗಳನ್ನು ಎಲ್ಲಿ ಇಡುತ್ತಾನೆ? ಊರಿನಲ್ಲಿ ಹಿತ್ತಿಲ ಗೇಟು ಜೋತುಬೀಳದಿರಲೆಂದು ಬಡಗಿ ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಹೊಡೆಯುತ್ತಾನಲ್ಲ, ಇಲ್ಲಿ ಆ ಓರೆ ಪಟ್ಟಿಯ ಕೆಲಸವನ್ನು ಗಾಜೇ ಮಾಡಬೇಕು. ಕೀಲಿನ ಕಡೆಯ ಕೆಳಮೂಲೆಯಲ್ಲಿ ಒಂದು ಒತ್ತು, ಹಿಡಿಯ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು ಒತ್ತು ಬಿಗಿಯಾಗಿರಬೇಕು. ಆಗ ಕದದ ಭಾರ ಗಾಜಿನ ಮೂಲಕ ಕೀಲಿಗೆ ಇಳಿಯುತ್ತದೆ. ಕದ ಜೋತುಬಿದ್ದು ಚೌಕಟ್ಟಿಗೆ ಉಜ್ಜುತ್ತದೆ, ಹಿಡಿ ತಿರುಗುವುದಿಲ್ಲ ಎಂದರೆ ಬಹಳ ಸಲ ಕೀಲು ಕೆಟ್ಟಿರುವುದಿಲ್ಲ, ಈ ಒತ್ತುಗಳು ಜಾರಿರುತ್ತವೆ. ಹಿಡಿಯನ್ನು ಬಲವಂತವಾಗಿ ತಿರುಗಿಸಿ ಮುರಿದುಕೊಳ್ಳುವುದಕ್ಕೆ ಮುಂಚೆ ಇದನ್ನು ನೋಡಿಸಿ. ಜಾರುವ ಕಿಟಕಿ ಬಿಗಿಯಾದರೆ ಹಳಿಯ ಧೂಳು ಮೊದಲ ಕಾರಣ. ಅದು ಹೋದ ಮೇಲೂ ಎಳೆಯಬೇಕಾದರೆ ಕದದ ಕೆಳಬದಿಯಲ್ಲಿ ಎರಡು ಕಡೆ ಸಣ್ಣ ತೂತಿನೊಳಗೆ ತಿರುಪುಗಳಿರುತ್ತವೆ. ಅವನ್ನು ಅರ್ಧರ್ಧ ಸುತ್ತು ತಿರುಗಿಸಿದರೆ ಒಳಗಿನ ಗಾಲಿ ಇಳಿದು ಕದ ಮೇಲೇಳುತ್ತದೆ.

ಸದ್ದಿಗಾಗಿ ಈ ಕಿಟಕಿ ಮಾಡಿಸಿದವರು ನಮ್ಮಲ್ಲಿ ಬಹಳ. ರೈಲಿನ ಪಕ್ಕದ ಮನೆಯವರು, ವಿಮಾನದ ದಾರಿಯ ಕೆಳಗಿನವರು. ಹಣ ಸುರಿದರೂ ಸದ್ದು ನಿಲ್ಲಲಿಲ್ಲ ಎಂಬ ಕೊರಗು ಅವರದು. ಗುಡುಗಿನಂಥ ಮಂದ ಸದ್ದನ್ನು ಒಂದೇ ದಪ್ಪದ ಎರಡು ಗಾಜು, ಕಿರಿದಾದ ಸಂದು ಅಷ್ಟಾಗಿ ತಡೆಯಲಾರವು. ಅದಕ್ಕೆ ಬೇರೆ ಬೇರೆ ದಪ್ಪದ ಗಾಜುಗಳು, ಅದರಲ್ಲೂ ಪದರವಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬೇಕು. ಆದರೆ ಗಾಜನ್ನು ದೂರುವುದಕ್ಕೆ ಮೊದಲು ರಬ್ಬರ್ ಪಟ್ಟಿಯನ್ನು ಪರೀಕ್ಷಿಸಿ. ಗಾಳಿ ನುಸುಳುವ ಕಡೆ ಸದ್ದೂ ನುಸುಳುತ್ತದೆ. ಊದುಬತ್ತಿ ಹಚ್ಚಿ, ಫ್ಯಾನು ನಿಲ್ಲಿಸಿ, ಮುಚ್ಚಿದ ಕಿಟಕಿಯ ಅಂಚಿನಗುಂಟ ನಿಧಾನವಾಗಿ ಸರಿಸಿ. ಹೊಗೆ ಕದಲಿದ ಕಡೆ ಬಿರುಕಿದೆ. ಇಲ್ಲವೆ ಒಂದು ಕಾಗದದ ಚೂರನ್ನು ಇಟ್ಟು ಕದ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಎರಡಿಂಚಿನ ಚೂರೊಂದನ್ನು ಮಾದರಿಗೆ ಕತ್ತರಿಸಿಕೊಂಡು ಹೋಗಿ ಅದೇ ಆಕಾರದ್ದನ್ನು ತಂದು ಹಾಕಬಹುದು. ಹೊಸದನ್ನು ಎಳೆದು ಕೂರಿಸಬಾರದು, ಎಳೆದ ರಬ್ಬರ್ ತಿಂಗಳೊಳಗೆ ಕುಗ್ಗಿ ಮೂಲೆಗಳಲ್ಲಿ ಬಾಯಿಬಿಡುತ್ತದೆ. ಅಳತೆಗಿಂತ ತುಸು ಉದ್ದವಿಟ್ಟು ಒತ್ತುತ್ತ ಹೋಗಬೇಕು. ಹೊಲಿಗೆ ಯಂತ್ರದ ಎಣ್ಣೆ ಕೀಲಿಗೆ, ಬೀಗಕ್ಕೆ ಒಳ್ಳೆಯದು, ರಬ್ಬರಿಗೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಎರಡಕ್ಕೂ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ತೊಳೆಯಲು ಸೋಪಿನ ನೀರು ಸಾಕು. ಟೈಲ್ಸ್ ತೊಳೆಯುವ ಆ್ಯಸಿಡ್ಡಾಗಲಿ ಥಿನ್ನರಾಗಲಿ ಈ ಚೌಕಟ್ಟುಗಳ ಹತ್ತಿರ ಸುಳಿಯಕೂಡದು.

ಗಾಜು ತಾನಾಗಿಯೇ ಸೀಳಿತು ಎಂಬ ದೂರು ಬೇಸಿಗೆಯಲ್ಲಿ ಹೈದರಾಬಾದು, ದಿಲ್ಲಿಗಳಿಂದ ಹೆಚ್ಚು. ಬಿಸಿಲು ತಡೆಯಲೆಂದು ಸಾದಾ ಗಾಜಿನ ಒಳಮೈಗೆ ಕಪ್ಪು ಫಿಲ್ಮನ್ನೋ ಕಾಗದವನ್ನೋ ಅಂಟಿಸಿರುತ್ತಾರೆ. ನಡುಭಾಗ ಕಾಯುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ತಂಪಾಗಿಯೇ ಉಳಿಯುತ್ತದೆ, ಈ ಎಳೆದಾಟಕ್ಕೆ ಗಾಜು ಸೋಲುತ್ತದೆ. ಸೀಳು ಅಂಚಿನಿಂದ ನೆಟ್ಟಗೆ, ಲಂಬವಾಗಿ ಹೊರಟಿದ್ದರೆ ಕಾರಣ ಇದೇ ಎಂದು ಬಹುಮಟ್ಟಿಗೆ ಹೇಳಬಹುದು. ನೆರಳು ಬೇಕಾದರೆ ಹೊರಗೆ ಬಿದಿರಿನ ತಟ್ಟಿಯೋ ಛಾವಣಿಯೋ ಹಾಕಿಸುವುದು ಮೇಲು.

ಕೊನೆಗೆ, ನಿವೃತ್ತರಾಗಿ ಬೆಂಗಳೂರಿಗೋ ಮೈಸೂರಿಗೋ ಹಿಂದಿರುಗಿ ಮನೆ ಕಟ್ಟಿಸುತ್ತಿರುವ ಸದಸ್ಯರಿಗೆ ಒಂದು ಮಾತು. ಪರಿಚಯದ ಅಂಗಡಿಯೆಂದು ಜೋಡಿಗಾಜನ್ನು ಮುಂಬಯಿಯಲ್ಲಿಯೇ ಮಾಡಿಸಿ ಲಾರಿಯಲ್ಲಿ ಕಳುಹಿಸುವ ಯೋಚನೆ ಕೆಲವರಿಗಿದೆ. ಮುಂಬಯಿ ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಇಲ್ಲಿ ಮುಚ್ಚಿದ ಗಾಳಿ ಘಟ್ಟ ಹತ್ತಿದ ಮೇಲೆ ಒಳಗಿನಿಂದ ಗಾಜನ್ನು ಹೊರಕ್ಕೆ ಒತ್ತುತ್ತದೆ. ಗಾಜು ಉಬ್ಬುತ್ತದೆ, ಪ್ರತಿಬಿಂಬ ವಕ್ರವಾಗುತ್ತದೆ, ಅಂಚಿನ ಅಂಟಿಗೆ ಮೊದಲ ದಿನದಿಂದಲೇ ಎಳೆತ. ಗಾಜು ಸಣ್ಣದಾಗಿದ್ದು ಗಡುಸಾಗಿದ್ದಷ್ಟೂ ಅಪಾಯ ಹೆಚ್ಚು. ಒತ್ತಡ ಸರಿದೂಗಲೆಂದು ಸೂಜಿಯಂಥ ಕೊಳವೆಯಿಟ್ಟು ಮಾಡಿಕೊಡುವ ಕ್ರಮವೊಂದಿದೆ, ಮೊದಲೇ ಹೇಳಿದರೆ ಮಾತ್ರ ಮಾಡುತ್ತಾರೆ. ಅದಕ್ಕಿಂತ ಆ ಊರಿನಲ್ಲಿಯೇ ಮಾಡಿಸುವುದು ಸುಲಭ. ಮಾಡಿಸುವಾಗ ಅಲ್ಲಿನ ಫಿಟ್ಟರಿಗೆ ತೂಬು ಎಲ್ಲಿದೆ ತೋರಿಸಪ್ಪ ಎಂದು ಕೇಳಿ. ತೋರಿಸಲಾರದವನಿಗೆ ಕೆಲಸ ಕೊಡಬೇಡಿ.